ಶಿಲ್ಕು ನೋಡಿ ಪಾಸ್‌ಬುಕ್ ಮುಚ್ಚಬೇಡಿ

ಬ್ಯಾಂಕಿನ ಪಾಸ್‌ಬುಕ್ ಮತ್ತು ಸ್ಟೇಟ್‌ಮೆಂಟ್ ಕುರಿತು ಕೇಳುವುದಿದ್ದರೆ ಬರೆಯಿರಿ ಎಂದು ಹಿಂದಿನ ಸಂಚಿಕೆಯಲ್ಲಿ ಹೇಳಿದ್ದೆ. ಬಂದ ಪತ್ರಗಳನ್ನು ಕುಂಜಿಬೆಟ್ಟಿನ ನಮ್ಮ ಮನೆಯ ಊಟದ ಮೇಜಿನ ಮೇಲೆ ಹರಡಿಕೊಂಡು ಎರಡು ಸಂಜೆ ಓದಿದೆ. ಹೆಚ್ಚಿನವರು ಪಾಸ್‌ಬುಕ್ಕಿನ ಝೆರಾಕ್ಸ್ ಪ್ರತಿಯನ್ನೂ ಜೊತೆಗಿಟ್ಟಿದ್ದರು. ದಯವಿಟ್ಟು ಇನ್ನು ಹಾಗೆ ಮಾಡಬೇಡಿ. ಖಾತೆ ಸಂಖ್ಯೆ ಕಾಣುವ ಹಾಳೆಯನ್ನು ಪರಿಚಯವಿಲ್ಲದವರಿಗೆ ಕಳುಹಿಸಬಾರದು, ನನಗೂ ಕಳುಹಿಸಬಾರದು. ಬಂದವನ್ನೆಲ್ಲ ಹರಿದು ಹಾಕಿದ್ದೇನೆ. 1982ರಲ್ಲಿ ಗುಮಾಸ್ತೆಯಾಗಿ ಸೇರಿ 2017ರಲ್ಲಿ ನಿವೃತ್ತಳಾಗುವವರೆಗೆ ನಾನು ಕೌಂಟರಿನ ಆಚೆ ಕುಳಿತವಳು. ಪಾಸ್‌ಬುಕ್ ಕೈಗೆ ಬಂದ ಕೂಡಲೇ ಜನರ ಕಣ್ಣು ಕೊನೆಯ ಸಾಲಿನ ಶಿಲ್ಕಿಗೆ, ಅಂದರೆ ಖಾತೆಯಲ್ಲಿ ಉಳಿದ ಮೊತ್ತಕ್ಕೆ, ಹೋಗುವುದನ್ನು, ಅದನ್ನು ನೋಡಿ ಮುಚ್ಚಿ ಚೀಲಕ್ಕೆ ಹಾಕುವುದನ್ನು 35 ವರ್ಷ ಕಂಡಿದ್ದೇನೆ. ಈ ಸಲದ ಆರು ಪ್ರಶ್ನೆಗಳಲ್ಲಿ ಐದಕ್ಕೆ ಉತ್ತರ ಇರುವುದು ಶಿಲ್ಕಿನಲ್ಲಲ್ಲ, ಅದಕ್ಕಿಂತ ಮೇಲಿನ ಸಾಲುಗಳಲ್ಲಿ.

ಪ್ರಶ್ನೆ: ಅಕ್ಕಾ, ನಾನು ಮನೆಯಲ್ಲೇ ಹೊಲಿಗೆ ಮಾಡುತ್ತೇನೆ. ವಯಸ್ಸು 44. ಗೃಹಲಕ್ಷ್ಮಿಯ ಹಣ ಬಂದಿದೆಯೇ ಎಂದು ನೋಡಲು ಪಾಸ್‌ಬುಕ್ ಎಂಟ್ರಿ ಮಾಡಿಸಿದೆ. ಮೇ ತಿಂಗಳ ಕೊನೆಗೆ 436 ರೂಪಾಯಿ, 20 ರೂಪಾಯಿ, ಇನ್ನೊಂದು ಕಡೆ 17 ರೂಪಾಯಿ 70 ಪೈಸೆ ಕಡಿತವಾದದ್ದು ಕಂಡಿತು. ಯಾರಿಗೂ ಕೊಡಿ ಎಂದು ನಾನು ಹೇಳಿಲ್ಲ. ಕೇಳಿದರೆ "ಅದು ತನ್ನಷ್ಟಕ್ಕೆ ಹೋಗುತ್ತದೆ" ಎಂದರು. ನಿಲ್ಲಿಸಬೇಕೇ?
– ಓದುಗರು, ಬ್ರಹ್ಮಾವರ

ಉತ್ತರ: ತಂಗೀ, ಮೊದಲ ಎರಡನ್ನು ನಿಲ್ಲಿಸಬೇಡಿ. 436 ರೂಪಾಯಿ ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆಯ ಕಂತು, 20 ರೂಪಾಯಿ ಸುರಕ್ಷಾ ವಿಮೆಯ ಕಂತು. ಎರಡೂ ಜೂನ್ 1ರಿಂದ ಮರುವರ್ಷದ ಮೇ 31ರವರೆಗೆ ನಡೆಯುತ್ತವೆ. ಹಾಗಾಗಿ ಪ್ರತಿ ವರ್ಷ ಮೇ ಕೊನೆಗೆ ಖಾತೆಯಿಂದ ಹಣ ಹೋಗುತ್ತದೆ. ಖಾತೆ ತೆರೆಯುವಾಗಲೋ ಆಮೇಲೆ ಯಾವುದಾದರೂ ಶಿಬಿರದಲ್ಲೋ ನೀವು ಸಹಿ ಹಾಕಿದ ಹಾಳೆಗಳಲ್ಲಿ ಇವೂ ಇದ್ದಿರಬೇಕು. ಜೀವನ ಜ್ಯೋತಿಯಲ್ಲಿ ಯಾವ ಕಾರಣದಿಂದ ಸಾವು ಬಂದರೂ ಮನೆಯವರಿಗೆ 2 ಲಕ್ಷ ರೂಪಾಯಿ ಸಿಗುತ್ತದೆ. ಸುರಕ್ಷಾ ವಿಮೆಯಲ್ಲಿ ಅಪಘಾತದ ಸಾವಿಗೆ 2 ಲಕ್ಷ. ಮೊದಲನೆಯದು 55 ವರ್ಷದವರೆಗೆ, ಎರಡನೆಯದು 70ರವರೆಗೆ. ನಿಮ್ಮನ್ನು ಕೇಳದೆ ಸೇರಿಸಿದ್ದರೆ ಅದು ತಪ್ಪು, ಆಕ್ಷೇಪಿಸುವ ಹಕ್ಕು ನಿಮಗಿದೆ. ಆದರೆ ನಾಳೆ ಶಾಖೆಗೆ ಹೋದಾಗ ಮೊದಲು ಕೇಳಬೇಕಾದದ್ದು ವಿಮೆಯ ಪ್ರಮಾಣಪತ್ರವನ್ನು. ಅದರಲ್ಲಿ ನಾಮಿನಿ ಎಂದು ಯಾರ ಹೆಸರಿದೆ ಎಂಬುದನ್ನೂ ನೋಡಿ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. 2016ರ ಮಳೆಗಾಲದಲ್ಲಿ ಒಬ್ಬಾಕೆ ತೀರಿಕೊಂಡ ಗಂಡನ ಖಾತೆ ಮುಚ್ಚಿಸಲು ಬಂದಿದ್ದರು. ಖಾತೆಯಲ್ಲಿ ಇದ್ದದ್ದು ಸಾವಿರ ಚಿಲ್ಲರೆ. ಅರ್ಜಿ, ಮರಣ ಪ್ರಮಾಣಪತ್ರ ಎಲ್ಲ ಸರಿಯಾಗಿತ್ತು. ಅಭ್ಯಾಸಬಲದಿಂದ ಪಾಸ್‌ಬುಕ್ಕಿನ ಹಿಂದಿನ ಪುಟ ತಿರುಗಿಸಿದೆ. 330 ರೂಪಾಯಿಯ ಒಂದು ಸಾಲು. ಆಗ ಜೀವನ ಜ್ಯೋತಿಯ ಕಂತು 330 ಇತ್ತು. "ಇದು ಏನೆಂದು ಗೊತ್ತಾ ಅಮ್ಮಾ?" ಎಂದೆ. ಗೊತ್ತಿರಲಿಲ್ಲ. ಎರಡು ತಿಂಗಳ ಮೇಲೆ ಆಕೆಯ ಖಾತೆಗೆ 2 ಲಕ್ಷ ಬಂತು, ಮಗಳ ನರ್ಸಿಂಗ್ ಓದು ನಿಲ್ಲಲಿಲ್ಲ. ಆ ದಿನ ನಾನು ಪುಟ ತಿರುಗಿಸದೆ ಖಾತೆ ಮುಚ್ಚಿದ್ದರೆ ಏನಾಗುತ್ತಿತ್ತು ಎಂದು ಈಗಲೂ ಕೆಲವೊಮ್ಮೆ ರಾತ್ರಿ ನೆನಪಾಗುತ್ತದೆ. ಮನೆಯಲ್ಲಿ ಯಾರಾದರೂ ಹೋದರೆ ಅವರ ಪಾಸ್‌ಬುಕ್ಕಿನ ಹಿಂದಿನ ಮೇ ತಿಂಗಳನ್ನು ನೋಡದೆ ಖಾತೆ ಮುಚ್ಚಿಸಬೇಡಿ. ನಿಮ್ಮ ಗಂಡನ ಪಾಸ್‌ಬುಕ್ಕಿನಲ್ಲಿ ಈ ಸಾಲುಗಳಿವೆಯೇ ಎಂದು ಇವತ್ತೇ ನೋಡಿ.

ಇನ್ನು 17 ರೂಪಾಯಿ 70 ಪೈಸೆ. ಪೈಸೆ ಇರುವ ಕಡಿತ ಕಂಡರೆ ಅದನ್ನು ಮೊಬೈಲಿನ ಕ್ಯಾಲ್ಕುಲೇಟರಿನಲ್ಲಿ 1.18ರಿಂದ ಭಾಗಿಸಿ. ದುಂಡು ಸಂಖ್ಯೆ ಬಂದರೆ ಅದು ಬಹುಮಟ್ಟಿಗೆ ಬ್ಯಾಂಕಿನ ಶುಲ್ಕ, ಮೇಲಿನದು ಶೇ. 18 ಜಿಎಸ್‌ಟಿ. 17.70 ಎಂದರೆ 15 ರೂಪಾಯಿ, ಸಾಮಾನ್ಯವಾಗಿ ಮೂರು ತಿಂಗಳ ಎಸ್‌ಎಂಎಸ್ ಶುಲ್ಕ. 147.50 ಎಂದರೆ 125, ಅದು ಎಟಿಎಂ ಕಾರ್ಡಿನ ವರ್ಷದ ಶುಲ್ಕ ಇರಬಹುದು. 590 ಬಂದರೆ ಎಚ್ಚರ: 500 ರೂಪಾಯಿ ಶುಲ್ಕ ಎಂದರೆ ಯಾವುದೋ ಚೆಕ್ಕೋ ಸಾಲದ ಕಂತೋ ಹಣವಿಲ್ಲದೆ ಹಿಂದಿರುಗಿದೆ ಎಂದು ಊಹಿಸಬಹುದು. ಪಕ್ಕದ ವಿವರದ ಕಾಲಂ ನೋಡಿದರೆ ಖಚಿತವಾಗುತ್ತದೆ. ಅಲ್ಲಿ ಎಸಿಎಚ್ ಎಂದಿದ್ದರೆ ನೀವು ಯಾರಿಗೋ ಬರೆದುಕೊಟ್ಟ ಒಪ್ಪಿಗೆಯ ಮೇಲೆ ತಾನಾಗಿ ಹೋದ ಕಂತು. ಯುಪಿಐ ಎಂದಿದ್ದರೆ ಮೊಬೈಲಿನಿಂದ ಹೋದದ್ದು, ಅದರ ಜೊತೆ 12 ಅಂಕಿಯ ಒಂದು ಸಂಖ್ಯೆ ಇರುತ್ತದೆ. ಗೊತ್ತಿರುವ ಸಾಲಿಗೆ ಪೆನ್ಸಿಲಿನಲ್ಲಿ ಸರಿ ಗುರುತು ಹಾಕಿ, ಗೊತ್ತಿಲ್ಲದ್ದಕ್ಕೆ ಪ್ರಶ್ನೆ ಚಿಹ್ನೆ ಹಾಕಿ ಕೌಂಟರಿಗೆ ಒಯ್ಯಿರಿ. "ತನ್ನಷ್ಟಕ್ಕೆ ಹೋಗುತ್ತದೆ" ಎಂಬುದು ಉತ್ತರವಲ್ಲ. ಯಾವ ಹಣವೂ ತನ್ನಷ್ಟಕ್ಕೆ ಹೋಗುವುದಿಲ್ಲ.

ಪ್ರಶ್ನೆ: ನಾನು ನಿವೃತ್ತ ಪ್ರೌಢಶಾಲಾ ಶಿಕ್ಷಕ, 68 ವರ್ಷ. ಕಳೆದ ತಿಂಗಳು ಪಾಸ್‌ಬುಕ್ ಮುದ್ರಿಸಿದಾಗ ಒಂದೇ ವಾರದಲ್ಲಿ ಎರಡು ಸಲ ತಲಾ 10,000 ರೂಪಾಯಿ ಹೋದದ್ದು ಕಂಡಿತು. ಪಕ್ಕದಲ್ಲಿ ಎಇಪಿಎಸ್ ಎಂದಿದೆ. ಎಟಿಎಂ ಕಾರ್ಡ್ ಕಪಾಟಿನಲ್ಲೇ ಇದೆ. ಯಾರಿಗೂ ಒಟಿಪಿ ಹೇಳಿಲ್ಲ. ಎಸ್‌ಎಂಎಸ್ ಕೂಡ ಬಂದಿಲ್ಲ, ಖಾತೆಯಲ್ಲಿರುವುದು ನಾನು ಈಗ ಬಳಸದ ಹಳೆಯ ಮೊಬೈಲ್ ಸಂಖ್ಯೆ. ಹಣ ಹೇಗೆ ಹೋಯಿತು?
– ಓದುಗರು, ಕೊಟ್ಟಾರ, ಮಂಗಳೂರು

ಉತ್ತರ: ಮೇಷ್ಟ್ರೇ, ನಿಮ್ಮ ಬೆರಳಿನಿಂದ ಹೋಗಿದೆ. ಎಇಪಿಎಸ್ ಎಂದರೆ ಆಧಾರ್ ಆಧಾರಿತ ಪಾವತಿ. ಬ್ಯಾಂಕಿನ ಪ್ರತಿನಿಧಿಗಳು ಸಣ್ಣ ಯಂತ್ರವನ್ನು ಹಿಡಿದು ಹಳ್ಳಿಯ ಮನೆಬಾಗಿಲಲ್ಲೇ ಪಿಂಚಣಿ ಕೊಡಲು ಸಾಧ್ಯವಾದದ್ದು ಇದರಿಂದಲೇ. ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳಚ್ಚು ಇಷ್ಟೇ ಸಾಕು, ಕಾರ್ಡ್ ಬೇಡ, ಒಟಿಪಿ ಬೇಡ. ಬೆರಳಚ್ಚಿನ ನಕಲು ಮಾಡುವ ಕಳ್ಳರಿಗೂ ಅಷ್ಟೇ ಸಾಕಾಗುತ್ತದೆ. 2023ರಲ್ಲಿ ಮಂಗಳೂರಿನಲ್ಲಿ ಬೆರಳಚ್ಚು ಕೊಟ್ಟು ಆಸ್ತಿ ಪತ್ರ ನೋಂದಣಿ ಮಾಡಿಸಿದ್ದ ಹಲವರು ಹೀಗೆಯೇ ಹಣ ಕಳೆದುಕೊಂಡು ಪೊಲೀಸರಿಗೆ ದೂರು ಕೊಟ್ಟಿದ್ದನ್ನು ನೀವೂ ಪತ್ರಿಕೆಯಲ್ಲಿ ಓದಿರಬಹುದು.

ಈ ಪತ್ರಿಕೆ ನಿಮ್ಮ ಕೈ ಸೇರುವ ಮೊದಲೇ ನಾನು ನಿಮಗೆ ಅಂಚೆಯಲ್ಲಿ ಬರೆದಿದ್ದೇನೆ, ಏಕೆಂದರೆ ಇಲ್ಲಿ ಒಂದೊಂದು ದಿನವೂ ಮುಖ್ಯ. ಉಳಿದವರಿಗಾಗಿ ಅದನ್ನೇ ಮತ್ತೆ ಹೇಳುತ್ತೇನೆ. ಮೊದಲು 1930ಕ್ಕೆ ಕರೆ ಮಾಡಿ. ಅದು ಸೈಬರ್ ವಂಚನೆಯ ದೂರಿಗೆಂದೇ ಇರುವ ಸಂಖ್ಯೆ. ಅದೇ ದಿನ ಶಾಖೆಗೆ ಲಿಖಿತ ದೂರು ಕೊಟ್ಟು, ಎರಡನೆಯ ಪ್ರತಿಯ ಮೇಲೆ ದಿನಾಂಕ ಸಹಿತ ಮೊಹರು ಹಾಕಿಸಿಕೊಳ್ಳಿ. ಮೊಹರಿಲ್ಲದ ದೂರು ಕೊಟ್ಟ ಹಾಗೆಯೇ ಅಲ್ಲ. ದೂರಿನಲ್ಲಿ ಆ ಸಾಲಿನ ದಿನಾಂಕ, ಮೊತ್ತ, ಅದರ ಜೊತೆಗಿರುವ ಉಲ್ಲೇಖ ಸಂಖ್ಯೆ ಬರೆಯಿರಿ. ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯ ಪ್ರಕಾರ, ತಪ್ಪು ಗ್ರಾಹಕರದ್ದೂ ಅಲ್ಲ ಬ್ಯಾಂಕಿನದ್ದೂ ಅಲ್ಲ ಎಂದಾದಾಗ, ಬ್ಯಾಂಕಿನಿಂದ ಮಾಹಿತಿ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರಿಗೆ ಯಾವ ನಷ್ಟವೂ ಇಲ್ಲ. ನಾಲ್ಕರಿಂದ ಏಳು ದಿನವಾದರೆ ಸಾಮಾನ್ಯ ಉಳಿತಾಯ ಖಾತೆಯಲ್ಲಿ ನಿಮ್ಮ ಪಾಲಿನ ನಷ್ಟ ಪ್ರತಿ ವಹಿವಾಟಿಗೆ 10,000 ರೂಪಾಯಿ ದಾಟುವಂತಿಲ್ಲ. ಅದಕ್ಕಿಂತ ತಡವಾದರೆ ಆಯಾ ಬ್ಯಾಂಕಿನ ನೀತಿಯಂತೆ. ನಿಮ್ಮದು ತಡವಾಗಿದೆ, ಎಸ್‌ಎಂಎಸ್ ಹಳೆಯ ಸಂಖ್ಯೆಗೆ ಹೋಗಿದೆ ಎಂದು ಬ್ಯಾಂಕು ವಾದಿಸಬಹುದು. ಆದರೂ ಧೈರ್ಯಗೆಡಬೇಡಿ. ತಪ್ಪು ಗ್ರಾಹಕರದ್ದು ಎಂದು ಸಾಧಿಸುವ ಹೊಣೆ ಬ್ಯಾಂಕಿನದ್ದೇ ಎಂದು ಅದೇ ಸುತ್ತೋಲೆ ಹೇಳುತ್ತದೆ. ಮೂವತ್ತು ದಿನಗಳಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಅದಕ್ಕೆ ಖರ್ಚಿಲ್ಲ, ವಕೀಲರೂ ಬೇಕಿಲ್ಲ. 14448ಕ್ಕೆ ಕರೆ ಮಾಡಿದರೆ ದಾರಿ ಹೇಳುತ್ತಾರೆ.

ಜೊತೆಗೆ ಎರಡು ಕೆಲಸಗಳಿವೆ. ಆಧಾರ್‌ನ ಅಧಿಕೃತ ಆ್ಯಪ್‌ನಲ್ಲಿ ಬೆರಳಚ್ಚಿಗೆ ಬೀಗ ಹಾಕುವ ಸೌಲಭ್ಯವಿದೆ, ಬೇಕಾದಾಗ ತೆರೆಯಬಹುದು. ಮೊಮ್ಮಕ್ಕಳಿಂದ ಇವತ್ತೇ ಹಾಕಿಸಿ. ಖಾತೆಗೆ ಈಗಿನ ಮೊಬೈಲ್ ಸಂಖ್ಯೆ ಕೊಡಿ. ವರ್ಷಗಟ್ಟಲೆ ಹಳೆಯ ಸಂಖ್ಯೆಯನ್ನು ಹಾಗೆಯೇ ಬಿಟ್ಟಿರುವವರು ನಮ್ಮ ವಯಸ್ಸಿನವರಲ್ಲಿ ತುಂಬಾ ಮಂದಿ ಇದ್ದಾರೆ. ಅವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ಪ್ರಶ್ನೆ: ಹಂಪನಕಟ್ಟೆಯ ಒಂದು ಎಟಿಎಂನಲ್ಲಿ 5,000 ರೂಪಾಯಿ ಒತ್ತಿದೆ. ಹಣ ಬರಲಿಲ್ಲ, ಖಾತೆಯಲ್ಲಿ ಕಡಿತವಾಯಿತು. ಎಂಟು ದಿನವಾಯಿತು. ಶಾಖೆಯಲ್ಲಿ "ಕಂಪ್ಯೂಟರಿನಲ್ಲಿ ಹಣ ಕೊಟ್ಟಿದ್ದೇವೆ ಎಂದೇ ಬರುತ್ತಿದೆ, ಅದು ತಪ್ಪು ಮಾಡುವುದಿಲ್ಲ" ಎನ್ನುತ್ತಾರೆ. ಮತ್ತೆ ಹೋಗಲು ಸಂಕೋಚವಾಗುತ್ತದೆ.
– ಓದುಗರು, ಕದ್ರಿ

ಉತ್ತರ: ಹೋಗಿ. ಹಣ ಬಾರದೆ ಕಡಿತವಾದರೆ ವಹಿವಾಟಿನ ದಿನ ಬಿಟ್ಟು ಐದು ದಿನಗಳೊಳಗೆ ಬ್ಯಾಂಕೇ ಅದನ್ನು ಹಿಂದಿರುಗಿಸಬೇಕು. ತಡವಾದ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರವನ್ನೂ ಸೇರಿಸಬೇಕು. ಇದು 2019ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕ್ ಮಾಡಿದ ನಿಯಮ. ಯುಪಿಐಯಲ್ಲಿ ಒಬ್ಬರಿಗೆ ಕಳುಹಿಸಿದ ಹಣ ನಿಮ್ಮಿಂದ ಹೋಗಿ ಅವರಿಗೆ ಸೇರದಿದ್ದರೆ ಮರುದಿನದೊಳಗೆ ವಾಪಸ್ ಬರಬೇಕು. ಎಟಿಎಂನಲ್ಲಿ ದಿನದ ಕೊನೆಗೆ ಉಳಿದ ನೋಟುಗಳನ್ನು ಎಣಿಸಿದಾಗ ಲೆಕ್ಕಕ್ಕಿಂತ 5,000 ಹೆಚ್ಚಿದ್ದರೆ ಅದು ನಿಮ್ಮದೇ. ಆ ಎಣಿಕೆಯ ವರದಿ ತರಿಸಿ ನೋಡಿ ಎಂದು ಲಿಖಿತವಾಗಿ ಕೇಳಿ.

ಸಂಕೋಚದ ಮಾತಿಗೆ ಒಂದು ಘಟನೆ ಹೇಳಬೇಕು. 1986ರಲ್ಲಿ ನಾನು ಕಾರ್ಕಳದ ಕಡೆಯ ಒಂದು ಶಾಖೆಯಲ್ಲಿದ್ದೆ. ಆಗ ಕಂಪ್ಯೂಟರ್ ಇರಲಿಲ್ಲ, ದಪ್ಪ ದಪ್ಪ ಲೆಡ್ಜರುಗಳು. ಬೀಡಿ ಕಟ್ಟುವ ಒಬ್ಬಾಕೆ ಬಂದು ಪಾಸ್‌ಬುಕ್ ಮುಂದಿಟ್ಟು, "150 ರೂಪಾಯಿ ಕಟ್ಟಿದ್ದೇನೆ, ಇದರಲ್ಲಿ ಇಲ್ಲ" ಎಂದರು. ಅವರು ವಾರ ವಾರ, ಕಟ್ಟಿದ ಬೀಡಿ ಒಪ್ಪಿಸುವ ಬೀಡಿ ಬ್ರಾಂಚಿನಲ್ಲಿ ತಮ್ಮ ಬೀಡಿ ಪುಸ್ತಕದ ಲೆಕ್ಕವನ್ನು, ಎಷ್ಟು ಕಟ್ಟಿದ್ದು, ಎಷ್ಟು ಎಲೆ ಕೊಟ್ಟದ್ದು, ಎಷ್ಟು ಮುರಿದದ್ದು ಎಂದು ಸಾಲು ಸಾಲಾಗಿ ಓದಿಸಿಕೊಳ್ಳುವವರು. ಅದೇ ಕಣ್ಣು ಪಾಸ್‌ಬುಕ್ಕಿನ ಮೇಲೂ ಬಿದ್ದಿತ್ತು. ಲೆಡ್ಜರ್ ತಪ್ಪುವುದಿಲ್ಲ ಎಂದು ನಾನೂ ಹೇಳಿದೆ. ಅವರು ಕದಲಲಿಲ್ಲ, ಬೆಂಚಿನ ಮೇಲೆ ಕುಳಿತರು. ಮಧ್ಯಾಹ್ನದ ಹೊತ್ತಿಗೆ ಸಿಕ್ಕಿತು: ಅದೇ ಹೆಸರಿನ ಇನ್ನೊಬ್ಬರ ಪುಟದಲ್ಲಿ, ನನ್ನದೇ ಕೈಬರಹದಲ್ಲಿ, 150 ರೂಪಾಯಿ ಜಮೆ. ಆಕೆ ಕುಳಿತೇ ಇದ್ದದ್ದರಿಂದ ಇಬ್ಬರ ಲೆಕ್ಕವೂ ಸರಿಯಾಯಿತು. ಯಂತ್ರ ಬಂದ ಮೇಲೂ ಅದಕ್ಕೆ ನೋಟು ತುಂಬುವವರು, ಅದರ ಲೆಕ್ಕ ಹೊಂದಿಸುವವರು ನಮ್ಮಂತಹ ಮನುಷ್ಯರೇ.

ಪ್ರಶ್ನೆ: ನಾನು ಮತ್ತು ಭಾವ ಸೇರಿ ಒಂದು ಟ್ರಾಲ್ ಬೋಟ್ ನಡೆಸುತ್ತೇವೆ. ಎಂಜಿನ್ ಬದಲಿಸಲು ಸಾಲ ಕೇಳಿದೆವು. ಆರು ತಿಂಗಳ ಸ್ಟೇಟ್‌ಮೆಂಟ್ ನೋಡಿದ ಅಧಿಕಾರಿ, "ಎರಡು ತಿಂಗಳು ಜಮೆಯೇ ಇಲ್ಲವಲ್ಲ" ಎಂದು ವಾಪಸ್ ಕಳುಹಿಸಿದರು. ಸ್ನೇಹಿತರಿಂದ ಎರಡು ಲಕ್ಷ ತಂದು ಹದಿನೈದು ದಿನ ಖಾತೆಯಲ್ಲಿಟ್ಟು ಮತ್ತೆ ಅರ್ಜಿ ಹಾಕೋಣ ಎಂದು ಭಾವ ಹೇಳುತ್ತಾರೆ. ಸರಿಯೇ?
– ಓದುಗರು, ಮಲ್ಪೆ

ಉತ್ತರ: ಬೇಡ. ನಿಮ್ಮ ಭಾವನಿಗೂ ಹೇಳಿ, ಆ ಎರಡು ಲಕ್ಷ ನಿಮ್ಮ ಅರ್ಜಿಯನ್ನು ಕೆಡಿಸುತ್ತದೆ. ಸಾಲದ ಅಧಿಕಾರಿಯಾಗಿ ನಾನು ನೂರಾರು ಸ್ಟೇಟ್‌ಮೆಂಟ್ ಓದಿದ್ದೇನೆ. ನಡುವೆ ಎಲ್ಲಿಂದಲೋ ದುಂಡು ಮೊತ್ತ ಬಂದು ಕೆಲವೇ ದಿನಗಳಲ್ಲಿ ಅದೇ ದುಂಡು ಮೊತ್ತ ಹೊರಗೆ ಹೋದರೆ ಅದು ಅನ್ನದಲ್ಲಿ ಸಿಕ್ಕ ಕಲ್ಲಿನ ಹಾಗೆ ತಕ್ಷಣ ತಿಳಿಯುತ್ತದೆ. ಆಮೇಲೆ ಉಳಿದ ಪ್ರಾಮಾಣಿಕ ಸಾಲುಗಳ ಮೇಲೂ ಅನುಮಾನ ಹುಟ್ಟುತ್ತದೆ.

ನಿಮ್ಮ ಖಾಲಿ ತಿಂಗಳುಗಳು ತಪ್ಪಲ್ಲ. ಕರ್ನಾಟಕದ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಿಷೇಧವಿದೆ. ಮಲ್ಪೆ ಬಂದರಿನಲ್ಲಿ ಬೋಟುಗಳು ಒತ್ತಿಕೊಂಡು ನಿಂತಿರುವಾಗ ನಿಮ್ಮ ಖಾತೆಗೆ ಹಣ ಎಲ್ಲಿಂದ ಬರಬೇಕು? ಘಟ್ಟದ ಮೇಲಿನಿಂದ ಹೊಸದಾಗಿ ಬಂದ ಅಧಿಕಾರಿಗೆ ಅದು ಹೊಳೆಯದೆ ಇರಬಹುದು. ಹೇಳಬೇಕಾದವರು ನೀವು. ಆರು ತಿಂಗಳದ್ದು ಕೊಡಬೇಡಿ, ಪೂರ್ತಿ ಎರಡು ವರ್ಷದ್ದು ಕೊಡಿ. ಆಗ ಎರಡು ಸಲ ಆಗಸ್ಟಿನಲ್ಲಿ ಹಣ ಏರುವುದು, ಎರಡು ಸಲ ಜೂನಿನಲ್ಲಿ ಬತ್ತುವುದು ಕಾಣುತ್ತದೆ. ಒಂದು ಸಲ ಖಾಲಿಯಾದರೆ ಅದು ಕೊರತೆ, ವರ್ಷ ವರ್ಷವೂ ಅದೇ ದಿನಕ್ಕೆ ಖಾಲಿಯಾಗಿ ಅದೇ ದಿನಕ್ಕೆ ತುಂಬಿದರೆ ಅದು ಕಸುಬು. ಒಂದು ಬಿಳಿ ಹಾಳೆಯಲ್ಲಿ ನಿಷೇಧದ ದಿನಾಂಕ ಬರೆದು, ಜುಲೈಯಲ್ಲಿ ಬಲೆ, ದುರಸ್ತಿ, ಬಣ್ಣಕ್ಕೆ ಹೋದ ದೊಡ್ಡ ಮೊತ್ತಗಳ ಸಾಲುಗಳನ್ನು ಗುರುತಿಸಿ, ಬಿಲ್ಲುಗಳ ಜೊತೆ ಇಡಿ. ಕಂತನ್ನು ಆಗಸ್ಟಿನಿಂದ ಮೇವರೆಗಿನ ಹತ್ತು ತಿಂಗಳಿಗೆ ಹೊಂದಿಸಿ ಕೊಡಿ ಎಂದು ನೀವಾಗಿಯೇ ಕೇಳಿ. ಇದನ್ನು ಕೇಳುವ ಸಾಲಗಾರನ ಮೇಲೆ ನನಗೆ ಯಾವಾಗಲೂ ನಂಬಿಕೆ ಹೆಚ್ಚುತ್ತಿತ್ತು.

ನಿಮ್ಮಲ್ಲಿ ಸರಿಪಡಿಸಬೇಕಾದ್ದು ಬೇರೆ ಇದೆ. ಪತ್ರದ ಕೊನೆಯಲ್ಲಿ, ಮೀನಿನ ಹರಾಜಿನ ಹಣವನ್ನು ಬೋಟ್ ನಡೆಸುವ ತಂಡೇಲನಿಗೂ ಉಳಿದವರಿಗೂ ಬಂದರಿನಲ್ಲೇ ನಗದಾಗಿ ಪಾಲು ಹಾಕಿ ಮಿಕ್ಕಿದ್ದನ್ನು ಮಾತ್ರ ಬ್ಯಾಂಕಿಗೆ ಹಾಕುತ್ತೇವೆ ಎಂದು ಬರೆದಿದ್ದೀರಿ. ಹಾಗೆ ಮಾಡಿದರೆ ಬೋಟಿನ ನಿಜವಾದ ದುಡಿಮೆ ಕಾಗದದ ಮೇಲೆ ಬರುವುದೇ ಇಲ್ಲ. ಬೋಟಿಗೆಂದೇ ಒಂದು ಖಾತೆ ಇರಲಿ. ಮೊದಲು ಪೂರ್ತಿ ಹಣ ಅದಕ್ಕೆ ಬರಲಿ. ಡೀಸೆಲ್, ಮಂಜುಗಡ್ಡೆ, ಪಾಲು ಎಲ್ಲವೂ ಅದರಿಂದಲೇ ಹೋಗಲಿ. ಮನೆಯ ಖರ್ಚು ಅದರಲ್ಲಿ ಬೆರೆಯಬಾರದು. ಈ ಋತುವನ್ನು ಹೀಗೆ ನಡೆಸಿದರೆ ಮುಂದಿನ ಸಲ ನಿಮ್ಮ ಪರವಾಗಿ ಸ್ಟೇಟ್‌ಮೆಂಟೇ ಮಾತಾಡುತ್ತದೆ. ಡೀಸೆಲಿನಂತಹ ದಿನದ ಖರ್ಚಿಗೆ ಬೇಕಾದರೆ, ಕಿಸಾನ್ ಕ್ರೆಡಿಟ್ ಕಾರ್ಡ್ ಈಗ ಮೀನುಗಾರರಿಗೂ ಇದೆ. ಅದನ್ನೂ ವಿಚಾರಿಸಿ. ಇನ್ನೊಂದು ಮಾತು: ಖಾಲಿ ತಿಂಗಳಿಗಿಂತ ಹಿಂದಿರುಗಿದ ಒಂದು ಚೆಕ್ ಹೆಚ್ಚು ಕೆಟ್ಟದಾಗಿ ಕಾಣುತ್ತದೆ. ಹಣವಿಲ್ಲದ ದಿನ ಚೆಕ್ ಕೊಡಬೇಡಿ.

ಪ್ರಶ್ನೆ: ಮಗಳು ಬ್ರಿಟನ್ನಿಗೆ ಓದಲು ಹೋಗುತ್ತಿದ್ದಾಳೆ. ವೀಸಾಕ್ಕೆ ಬ್ಯಾಂಕಿನಲ್ಲಿ ಬೇಕಾದಷ್ಟು ಹಣ ಇದೆ. ಅರ್ಜಿಯ ಹಿಂದಿನ ದಿನ ಸ್ಟೇಟ್‌ಮೆಂಟ್ ತೆಗೆದರೆ ಸಾಕಲ್ಲವೇ?
– ಓದುಗರು, ಸುರತ್ಕಲ್

ಉತ್ತರ: ಆ ದಿನದ ಶಿಲ್ಕು ಸಾಲದು. ಬೇಕಾದ ಮೊತ್ತ ಸತತ 28 ದಿನ ಖಾತೆಯಲ್ಲಿ ಇರಬೇಕು, ಒಂದು ದಿನ ಒಂದು ರೂಪಾಯಿ ಕಡಿಮೆಯಾದರೂ ಲೆಕ್ಕ ತಪ್ಪುತ್ತದೆ. ಆ 28 ದಿನಗಳ ಕೊನೆಯ ದಿನ, ಅರ್ಜಿ ಹಾಕುವ ದಿನಕ್ಕಿಂತ 31 ದಿನಗಳಿಗಿಂತ ಹಿಂದಿನದ್ದಾಗಿರಬಾರದು. ಹಾಗಾಗಿ ಆ ಖಾತೆಯಿಂದ ತಾನಾಗಿ ಹೋಗುವ ಕಂತುಗಳನ್ನೂ ಯುಪಿಐಯನ್ನೂ ಆ ಅವಧಿಗೆ ಬೇರೆ ಖಾತೆಗೆ ತಿರುಗಿಸಿ. ರೂಪಾಯಿ–ಪೌಂಡ್ ದರ ಏರಿಳಿಯುವುದರಿಂದ ಸ್ವಲ್ಪ ಹೆಚ್ಚೇ ಇಡಿ. ಪಾಸ್‌ವರ್ಡ್ ಇರುವ ಪಿಡಿಎಫ್ ತೆರೆಯಲಾಗದಿದ್ದರೆ ಯಾವುದೋ ಜಾಲತಾಣಕ್ಕೆ ಹಾಕಿ ಬೀಗ ತೆಗೆಸಬೇಡಿ, ಶಾಖೆಯಲ್ಲಿ ಮೊಹರು ಹಾಕಿದ ಪ್ರತಿ ಪಡೆಯಿರಿ. ಮಗಳಿಗೆ ನನ್ನ ಹಾರೈಕೆ.

ಪ್ರಶ್ನೆ: ಅಮ್ಮ ತೀರಿಕೊಂಡು ಆರು ತಿಂಗಳಾಯಿತು. ಅವರ ಟ್ರಂಕಿನಲ್ಲಿ ಐದು ಹಳೆಯ ಪಾಸ್‌ಬುಕ್‌ಗಳಿವೆ. ಮೂರರ ಮೇಲೆ ಈಗ ಇಲ್ಲವೇ ಇಲ್ಲದ ಬ್ಯಾಂಕುಗಳ ಹೆಸರಿದೆ. ಒಂದರ ಕೊನೆಯ ಎಂಟ್ರಿ 1997ರದ್ದು. ಅಣ್ಣ ರದ್ದಿಗೆ ಹಾಕು ಎನ್ನುತ್ತಾನೆ. ಮನಸ್ಸು ಬರುವುದಿಲ್ಲ.
– ಓದುಗರು, ಕಲ್ಸಂಕ, ಉಡುಪಿ

ಉತ್ತರ: ಖಂಡಿತ ಹಾಕಬೇಡಿ. ಆ ಬ್ಯಾಂಕುಗಳ ಹೆಸರು ಹೋಗಿದೆ, ನಿಮ್ಮ ಅಮ್ಮನ ಹಣ ಹೋಗಿಲ್ಲ.

ದಕ್ಷಿಣ ಕನ್ನಡ, ಉಡುಪಿ ಎಂಬ ನಮ್ಮ ಎರಡು ಜಿಲ್ಲೆಗಳ ಮಣ್ಣಿನಲ್ಲಿ ಹುಟ್ಟಿದಷ್ಟು ಬ್ಯಾಂಕುಗಳು ಬೇರೆ ಎಲ್ಲಿ ಹುಟ್ಟಿವೆ? 1906ರಲ್ಲಿ ಮಂಗಳೂರಿನಲ್ಲಿ ಕೆನರಾ, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್, 1924ರಲ್ಲಿ ಮಂಗಳೂರಿನಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್, 1931ರಲ್ಲಿ ಮಂಗಳೂರಿನಲ್ಲಿ ವಿಜಯಾ. 1928ರಲ್ಲಿ ಸಿಂಡಿಕೇಟಿನವರು ಪಿಗ್ಮಿ ಠೇವಣಿ ಶುರುಮಾಡಿ, ಮನೆಬಾಗಿಲಿಗೆ ಬಂದು ಆಣೆಗಳ ಲೆಕ್ಕದಲ್ಲಿ ಹಣ ಕೂಡಿಸಿದರು. ನಿಮ್ಮ ಅಮ್ಮನ ಐದು ಪುಸ್ತಕಗಳಲ್ಲಿ ಒಂದು ಹಾಗೆ ಕೂಡಿಸಿದ್ದೇ ಇರಬಹುದು. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕ್ ಬರೋಡಾ ಬ್ಯಾಂಕಿನಲ್ಲಿ ಸೇರಿತು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಕೆನರಾದಲ್ಲಿ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನಲ್ಲಿ ಸೇರಿದವು. ಫಲಕಗಳನ್ನು ಇಳಿಸಿದ ದಿನಗಳಲ್ಲಿ ನನ್ನ ಹಳೆಯ ಸಹೋದ್ಯೋಗಿಗಳು ಫೋನಿನಲ್ಲಿ ಅತ್ತದ್ದುಂಟು. ಆದರೆ ಪ್ರತಿ ಖಾತೆಯೂ ಹೊಸ ಬ್ಯಾಂಕಿಗೆ ಹೋಗಿದೆ. ನೀವು ಈಗ ಹೋಗಬೇಕಾದ್ದು ಅಲ್ಲಿಗೆ.

ಎರಡು ವರ್ಷ ಗ್ರಾಹಕರ ಕಡೆಯಿಂದ ವಹಿವಾಟು ಇಲ್ಲದ ಖಾತೆ ನಿಷ್ಕ್ರಿಯವಾಗುತ್ತದೆ. ಹತ್ತು ವರ್ಷ ಹಾಗೆಯೇ ಇದ್ದರೆ ಹಣ ರಿಸರ್ವ್ ಬ್ಯಾಂಕಿನ ಒಂದು ನಿಧಿಗೆ ಹೋಗುತ್ತದೆ. ಅಲ್ಲಿಗೆ ಹೋದ ಮೇಲೂ ವಾರಸುದಾರರು ಕೇಳಿದರೆ ಬ್ಯಾಂಕು ಕೊಡಲೇಬೇಕು. ಉಳಿತಾಯ ಖಾತೆಯಾದರೆ ಬಡ್ಡಿಯೂ ಇದೆ. 2023ರ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕ್ ತೆರೆದ ಉದ್ಗಮ್ ಎಂಬ ಜಾಲತಾಣದಲ್ಲಿ ಅಮ್ಮನ ಹೆಸರು ಹಾಕಿ ಹುಡುಕಿ. ಹೆಸರು ಅಂದಿನ ಪಾಸ್‌ಬುಕ್ಕಿನಲ್ಲಿ ಹೇಗೆ ಬರೆದಿದೆಯೋ ಹಾಗೆ, ಇನಿಷಿಯಲ್ ಸಹಿತ ಹಾಕಿ. ಮದುವೆಗೆ ಮುಂಚಿನ ಹೆಸರಿನಲ್ಲೂ ಒಮ್ಮೆ ಹುಡುಕಿ. ಆಮೇಲೆ ಮರಣ ಪ್ರಮಾಣಪತ್ರ, ನಿಮ್ಮ ಗುರುತಿನ ಚೀಟಿ ಹಿಡಿದು ಐದೂ ಪಾಸ್‌ಬುಕ್‌ಗಳನ್ನು ಒಯ್ಯಿರಿ. ನಾಮಿನಿ ಇದ್ದರೆ ಕೆಲಸ ಸುಲಭ. ಇಲ್ಲದಿದ್ದರೆ ನೀವು, ಅಣ್ಣ ಇಬ್ಬರೂ ಸಹಿ ಹಾಕಬೇಕಾಗುತ್ತದೆ. ರದ್ದಿ ಎಂದ ಅಣ್ಣನನ್ನೂ ಜೊತೆಗೆ ಕರೆದುಕೊಂಡು ಹೋಗಿ.

ಪುಸ್ತಕವನ್ನು ಕೌಂಟರಿನಲ್ಲಿ ಕೊಡುವ ಮೊದಲು ಪ್ರತಿ ಪುಟದ ಫೋಟೊ ತೆಗೆದುಕೊಳ್ಳಿ, ಹಳೆಯ ಶಾಯಿ ಬೇಗ ಮಾಸುತ್ತದೆ. ಜಮೆಯ ಸಾಲುಗಳನ್ನು ಓದುತ್ತಾ ಹೋಗಿ. ಎಲ್ಲಾದರೂ "ಠೇವಣಿ ಬಡ್ಡಿ" ಎಂಬ ಸಾಲು ಮೂರು ಮೂರು ತಿಂಗಳಿಗೆ ಬಂದಿದ್ದರೆ, ಆ ಶಾಖೆಯಲ್ಲಿ ಅಮ್ಮನ ಹೆಸರಿನಲ್ಲಿ ಬೇರೆಯೇ ಒಂದು ಠೇವಣಿ ಇತ್ತು ಎಂದರ್ಥ. ಟ್ರಂಕಿನಲ್ಲಿ ಅದರ ರಸೀದಿ ಇಲ್ಲದಿದ್ದರೂ ಆ ಸಾಲಿನ ದಿನಾಂಕ ತೋರಿಸಿ ಹುಡುಕಿ ಎಂದು ಕೇಳಬಹುದು. ಏನು ಸಿಕ್ಕಿತು ಎಂದು ನನಗೆ ಬರೆಯಿರಿ, ಖಾತೆ ಸಂಖ್ಯೆ ಬೇಡ.